ಪ್ಯಾರಾಥೈರಾಯ್ಡ್ ಆಪರೇಷನ್ ನಡೆಯುವಾಗಲೇ ಪಿಟಿಎಚ್ (ರಕ್ತದಲ್ಲಿ ಕ್ಯಾಲ್ಸಿಯಂ ಏರಿಸುವ ಪ್ಯಾರಾಥೈರಾಯ್ಡ್ ಹಾರ್ಮೋನ್) ಟೆಸ್ಟ್ ಯಾಕೆ? ಕ್ಯಾಲ್ಸಿಯಂ ನೋಡಿದರೆ ಸಾಲದೇ?

ಸಾಲದು. ಹಾರ್ಮೋನ್ ನಿಮಿಷಗಳಲ್ಲಿ ಇಳಿಯುತ್ತದೆ, ಕ್ಯಾಲ್ಸಿಯಂ ಇಳಿಯಲು ಗಂಟೆಗಳು, ದಿನಗಳೇ ಬೇಕು.

ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದೆ ಸಾಮಾನ್ಯವಾಗಿ 4 ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ಹೆಚ್ಚಿನ ರೋಗಿಗಳಲ್ಲಿ ಒಂದೇ ಗ್ರಂಥಿ ದಪ್ಪಗಾಗಿ ಪಿಟಿಎಚ್ ಹಾರ್ಮೋನನ್ನು ಜಾಸ್ತಿ ಸುರಿಸುತ್ತಿರುತ್ತದೆ. ಅದನ್ನು ತೆಗೆದ ಮೇಲೂ ಸರ್ಜನ್‌ಗೆ ಒಂದು ಚಿಂತೆ ಇರುತ್ತದೆ. ಕೆಟ್ಟ ಗ್ರಂಥಿ ಇನ್ನೊಂದು ಒಳಗೇ ಉಳಿದುಬಿಟ್ಟಿದ್ದರೆ?

ರಕ್ತದಲ್ಲಿರುವ ಪಿಟಿಎಚ್ ಸುಮಾರು 3ರಿಂದ 5 ನಿಮಿಷಕ್ಕೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಕೊಯ್ಯುವ ಮೊದಲು ಒಮ್ಮೆ, ಗ್ರಂಥಿ ತೆಗೆಯುವ ಮುಂಚೆ ಒಮ್ಮೆ, ತೆಗೆದ 10 ನಿಮಿಷಕ್ಕೆ ಮತ್ತೊಮ್ಮೆ ರಕ್ತ ಪರೀಕ್ಷಿಸುತ್ತಾರೆ. ಮೊದಲ ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕಿಂತ ಶೇ. 50ಕ್ಕೂ ಹೆಚ್ಚು ಇಳಿದಿರಬೇಕು. ಇದನ್ನು ಮಿಯಾಮಿ ಮಾನದಂಡ ಅನ್ನುತ್ತಾರೆ. 240 ಇದ್ದದ್ದು 60ಕ್ಕೆ ಬಂತು ಅಂದುಕೊಳ್ಳಿ, ಹೊಲಿಗೆ ಹಾಕಬಹುದು. 170ರಲ್ಲೇ ನಿಂತರೆ ಉಳಿದ ಗ್ರಂಥಿಗಳನ್ನೂ ಹುಡುಕಬೇಕು. ಕೆಲವೊಮ್ಮೆ ಇಳಿಕೆ ತಡವಾಗುತ್ತದೆ, ಆಗ 20 ನಿಮಿಷಕ್ಕೆ ಮತ್ತೆ ನೋಡುವುದುಂಟು. ಕುತ್ತಿಗೆಯ ಎರಡೂ ಕಡೆ ಬಿಚ್ಚಿ ನೋಡದೆ ಸಣ್ಣ ಗಾಯದಲ್ಲೇ ಧೈರ್ಯವಾಗಿ ಮುಗಿಸಲು ಇದು ತುಂಬಾ ನೆರವಾಗುತ್ತದೆ. ರೋಗಿಗೆ ಅದೇ ದೊಡ್ಡ ಉಪಕಾರ ಅಲ್ವಾ!

ಕ್ಯಾಲ್ಸಿಯಂ ಮೇಲೆ ನಿಗಾ ಬೇಕಾಗುವುದು ಆಪರೇಷನ್ ಆದ ಮೇಲೆ. ಸಾಮಾನ್ಯವಾಗಿ 2ರಿಂದ 4ನೇ ದಿನದ ಹೊತ್ತಿಗೆ ಅದು ತೀರಾ ಕೆಳಗಿರುತ್ತದೆ. ಇಷ್ಟು ದಿನ ಕ್ಯಾಲ್ಸಿಯಂ ಕಳೆದುಕೊಂಡ ಮೂಳೆಗಳು ಈಗ ಅದನ್ನು ರಕ್ತದಿಂದ ಹೀರಿಕೊಳ್ಳುತ್ತವೆ. ವಿಟಮಿನ್ ಡಿ ಕಡಿಮೆ ಇದ್ದವರು ಇನ್ನಷ್ಟು ಎಚ್ಚರವಾಗಿರಬೇಕು. ತುಟಿ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆಂದರೆ ಸುಮ್ನೆ ಕೂರಬೇಡಿ, ತಕ್ಷಣ ಡಾಕ್ಟರಿಗೆ ತಿಳಿಸಿ.