ಜರ್ಮನಿಯ ಸಣ್ಣ ಊರಲ್ಲಿ ಉಚಿತ ವಾರಪತ್ರಿಕೆ ಶುರು ಮಾಡಿ ದೊಡ್ಡ ಪತ್ರಿಕಾ ಮಾಲೀಕ ಡಿರ್ಕ್ ಇಪ್ಪನ್ ಅವರಂತೆ ಬೆಳೆಯಬಹುದೇ? ಅಥವಾ ಬರೀ ಆನ್‌ಲೈನ್ ಸಾಕೇ?

ನಿಮ್ಮ ಪ್ರಶ್ನೆ ಓದುತ್ತಿದ್ದಂತೆ 2013ರ ನನ್ನ ಲೆಕ್ಕದ ಪುಸ್ತಕವನ್ನೇ ತೆರೆದ ಹಾಗಾಯಿತು. ಪಶ್ಚಿಮ ಜರ್ಮನಿಯ ವೆಸ್ಟ್‌ಫಾಲಿಯಾದ ಪುಟ್ಟ ಊರು, ಮನೆಮನೆಗೆ ಉಚಿತ ವಾರಪತ್ರಿಕೆ, ತಲೆ ತುಂಬ ಇಪ್ಪನ್. ನಾನೂ ನನ್ನ ಜರ್ಮನ್ ಪಾಲುದಾರರೂ ಸೇರಿ ಪ್ರತಿ ಬುಧವಾರ 12,000 ಪ್ರತಿ ಹಂಚುತ್ತಿದ್ದೆವು. ಒಟ್ಟು 30 ಲೈನ್ (ಒಬ್ಬರು ಪತ್ರಿಕೆ ಹಾಕುವ ಬೀದಿಗಳ ಸುತ್ತು), ಒಂದೊಂದು ಲೈನಿಗೆ 400 ಅಂಚೆ ಡಬ್ಬ, ಒಬ್ಬೊಬ್ಬರಿಗೆ ಮೂರೂವರೆ ಗಂಟೆ. ಅಂದರೆ ವಾರಕ್ಕೆ 105 ಗಂಟೆ. ಈ 105 ಅನ್ನೋ ಅಂಕಿ ನೆನಪಿಟ್ಟುಕೊಳ್ಳಿ, ನಮ್ಮನ್ನು ಮುಳುಗಿಸಿದ್ದು ಅದೇ.

2015ರ ಜನವರಿ 1ರಂದು ಜರ್ಮನಿಯಲ್ಲಿ ಕನಿಷ್ಠ ವೇತನ ಬಂತು, ಗಂಟೆಗೆ 8.50 ಯೂರೋ. ಪತ್ರಿಕೆ ಹಾಕುವವರಿಗೆ ಮಾತ್ರ ಕಾನೂನು ಮೂರು ಮೆಟ್ಟಿಲು ಕೊಟ್ಟಿತ್ತು: 2015ರಲ್ಲಿ ಅದರ ಶೇ. 75, ಅಂದರೆ 6.38, 2016ರಲ್ಲಿ ಶೇ. 85, ಅಂದರೆ 7.23, 2017ರಲ್ಲಿ ಪೂರ್ತಿ 8.50. ಸಂಪಾದಕೀಯ ಬರಹ ಇರುವ ಉಚಿತ ಜಾಹೀರಾತು ಪತ್ರಿಕೆ ಹಂಚುವವರಿಗೂ ಇದು ಅನ್ವಯ ಅಂತ ಕಾನೂನಿನಲ್ಲೇ ಬರೆದಿತ್ತು. ನಾವು ಅಷ್ಟು ಓದಿ ಸಮಾಧಾನಪಟ್ಟೆವು. ಅದೇ ವಾಕ್ಯದಲ್ಲಿ ‘ಔಸ್‌ಶ್ಲೀಸ್‌ಲಿಶ್’ ಅನ್ನೋ ಇನ್ನೊಂದು ಪದ ಇತ್ತು. ‘ಮಾತ್ರ’ ಅಂತ ಅರ್ಥ. ಪತ್ರಿಕೆಗಳನ್ನು ಮಾತ್ರ ಹಂಚುವವರಿಗೆ ಆ ರಿಯಾಯಿತಿ. ಜೊತೆಗೆ ಬೇರೇನಾದರೂ ಹಂಚಿದರೆ ಮೊದಲ ದಿನದಿಂದಲೇ ಪೂರ್ತಿ ಸಂಬಳ.

ನಾವು ಹಂಚುತ್ತಿದ್ದೆವು. ಒಂದು ಪಿಟ್ಸಾ ಅಂಗಡಿಯ ಪಾಂಪ್ಲೆಟ್, ತಿಂಗಳಿಗೊಮ್ಮೆ, ಸಾವಿರಕ್ಕೆ 40 ಯೂರೋ, 12,000ಕ್ಕೆ 480. ಪ್ರಿಂಟರ್ ಹತ್ತಿರ ಪತ್ರಿಕೆಯೊಳಗೆ ಸೇರಿಸಿಕೊಡುವ ಯಂತ್ರ ಇತ್ತು. ಆದರೆ ಪಾಂಪ್ಲೆಟ್ ಅಲ್ಲಿಗೆ ಹಿಂದಿನ ಶುಕ್ರವಾರವೇ ಮುಟ್ಟಬೇಕು, ಸೇರಿಸುವ ದರ ಬೇರೆ. ಅಂಗಡಿಯವರು ತರುತ್ತಿದ್ದದ್ದು ಮಂಗಳವಾರ ಸಂಜೆ. ಹಾಗಾಗಿ ಪತ್ರಿಕೆ ಬಂಡಲಿನ ಪಕ್ಕದಲ್ಲೇ ಪಾಂಪ್ಲೆಟ್ ಬಂಡಲ್ ಇಟ್ಟು, ‘ಎರಡೂ ಹಾಕಿ’ ಅಂತ ಹೇಳಿ ಕಳಿಸುತ್ತಿದ್ದೆವು. ನಮ್ಮ ಕಡೆ ಬೆಳಗಿನ ಜಾವ ಬಸ್ ಸ್ಟ್ಯಾಂಡಿನಲ್ಲಿ ಪೇಪರ್ ಹುಡುಗರು ಪಾಂಪ್ಲೆಟ್ ಸೇರಿಸುವುದನ್ನು ನೋಡುತ್ತಲೇ ಬೆಳೆದ ನನಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ.

2016ರ ಬೇಸಿಗೆಯಲ್ಲಿ ಸಾಮಾಜಿಕ ವಿಮೆಯ ತಪಾಸಣೆ ಬಂತು. ಇದು ಎಲ್ಲ ಉದ್ಯೋಗದಾತರಿಗೂ ನಾಲ್ಕು ವರ್ಷಕ್ಕೊಮ್ಮೆಯಾದರೂ ಬರುತ್ತದೆ. ಬಂದವರು ಸಂಬಳದ ಪಟ್ಟಿಯ ಪಕ್ಕ ನಮ್ಮದೇ ಬಿಲ್ ಇಟ್ಟರು: ‘ಕರಪತ್ರ ಹಂಚಿಕೆ, 12,000’. ಗಂಟೆಗೆ ವ್ಯತ್ಯಾಸ 2.12 ಯೂರೋ. 105 ಗಂಟೆಗೆ 222.60. ಅದರ ಮೇಲೆ ಮಿನಿಜಾಬ್‌ಗೆ, ಅಂದರೆ ಕಡಿಮೆ ಸಂಬಳದ ಅರೆಕಾಲಿಕ ಕೆಲಸಕ್ಕೆ, ಮಾಲೀಕರು ಕಟ್ಟುವ ಸುಮಾರು ಶೇ. 30 ಸೇರಿಸಿದರೆ ವಾರಕ್ಕೆ 289. ಇಡೀ 2015ಕ್ಕೆ 15,000. 2016ರ ಆರು ತಿಂಗಳಿಗೆ ಇನ್ನೊಂದು 4,500. ಆ ಹದಿನೆಂಟು ತಿಂಗಳಲ್ಲಿ ಪಿಟ್ಸಾ ಅಂಗಡಿಯಿಂದ ಬಂದದ್ದು 8,640. ‘ಅಷ್ಟು ಸಂಬಳ ನಾವು ಕೊಟ್ಟೇ ಇಲ್ಲವಲ್ಲ, ವಿಮೆ ಯಾಕೆ?’ ಅಂತ ಕೇಳಿ ಪ್ರಯೋಜನವಿಲ್ಲ. ಕೊಡಬೇಕಾಗಿದ್ದ ಸಂಬಳದ ಮೇಲೆ ವಿಮೆಯ ಹಣ ಬೀಳುತ್ತದೆ, ಕೊಟ್ಟ ಸಂಬಳದ ಮೇಲಲ್ಲ. ಎಲ್ಲಕ್ಕಿಂತ ನನ್ನನ್ನು ಕಾಡಿದ್ದು, ಆ ಮೂವತ್ತು ಜನಕ್ಕೆ ಹದಿನೆಂಟು ತಿಂಗಳು ಕಡಿಮೆ ಕೂಲಿ ಕೊಟ್ಟಿದ್ದೆವು ಅನ್ನೋದು. ಬಾಕಿ ಪೂರ್ತಿ ತೀರಿಸಿದೆವು, ಪತ್ರಿಕೆ ನಿಲ್ಲಿಸಿದೆವು.

ಅದೇ ಪಾಂಪ್ಲೆಟನ್ನು ಪತ್ರಿಕೆಯ ಮಡಿಕೆಯೊಳಗೆ ಸೇರಿಸಿದ್ದರೆ ಇನ್ನೊಂದು ಲಾಭವೂ ಇತ್ತು. ಡಬ್ಬದ ಮೇಲೆ ‘ಜಾಹೀರಾತು ಬೇಡ’ ಅಂತ ಚೀಟಿ ಅಂಟಿಸಿದ ಮನೆಗೆ ಬಿಡಿ ಪಾಂಪ್ಲೆಟ್ ಹಾಕುವಂತಿಲ್ಲ. ಸಂಪಾದಕೀಯ ಬರಹ ಇರುವ ಉಚಿತ ಪತ್ರಿಕೆಯನ್ನು, ಒಳಗೆ ಪಾಂಪ್ಲೆಟ್ ಇದ್ದರೂ, ಹಾಕಬಹುದು ಅಂತ 2012ರಲ್ಲೇ ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ ಹೇಳಿದೆ. ‘ಉಚಿತ ಪತ್ರಿಕೆಯೂ ಬೇಡ’ ಅಂತ ಬರೆದಿದ್ದರೆ ಮಾತ್ರ ಬಿಟ್ಟು ಮುಂದೆ ಹೋಗಬೇಕು.

ಇನ್ನು ಇಪ್ಪನ್. ನಿಮ್ಮ ಪ್ರಶ್ನೆಯ ಬುಡದಲ್ಲೇ ತಪ್ಪಿದೆ, ಕ್ಷಮಿಸಿ. 1940ರಲ್ಲಿ ಹುಟ್ಟಿದ, ಕಾನೂನಿನಲ್ಲಿ ಡಾಕ್ಟರೇಟ್ ಪಡೆದ ಇವರು ಸೊನ್ನೆಯಿಂದ ಪತ್ರಿಕೆ ಕಟ್ಟಿ ದೊಡ್ಡವರಾದವರಲ್ಲ, ನಡೆಯುತ್ತಿದ್ದ ಪತ್ರಿಕೆಗಳನ್ನು ಕೈಗೆ ತೆಗೆದುಕೊಂಡವರು. ಹಮ್ ಪಟ್ಟಣದ ವೆಸ್ಟ್‌ಫೆಲಿಶರ್ ಆನ್‌ತ್ಸೈಗರ್‌ನಲ್ಲಿ ನೆಲೆಯೂರಿ, 1982ರಲ್ಲಿ ಮ್ಯೂನಿಕ್‌ನ ಮೆರ್ಕೂರ್ ಮತ್ತು ಟೆ-ತ್ಸೆಟ್, 2002ರಲ್ಲಿ ಕಾಸೆಲ್‌ನ ಹೆಸ್ಸಿಶೆ ನೀಡರ್‌ಸೆಕ್ಸಿಶೆ ಆಲ್ಗೆಮೈನೆ, 2018ರಲ್ಲಿ ಫ್ರಾಂಕ್‌ಫುರ್ಟರ್ ರುಂಡ್‌ಶಾವ್. ಇವೆಲ್ಲವಕ್ಕೂ ಮೊದಲೇ ಚಂದಾದಾರರಿದ್ದರು, ಲೈನ್‌ಗಳಿದ್ದವು, ಊರಲ್ಲಿ ಹೆಸರಿತ್ತು. ಈ ಧಂದೆಯಲ್ಲಿ ಖರ್ಚು ಉಳಿಯುವುದು ‘ಮಾಂಟೆಲ್’ನಿಂದ. ಮಾಂಟೆಲ್ ಅಂದರೆ ಮೇಲಂಗಿ: ದೇಶ-ವಿದೇಶದ ಹೊರಪುಟಗಳು ಒಂದೇ ಕಡೆ ತಯಾರಾಗುತ್ತವೆ, ಊರಿನ ಒಳಪುಟ ಮಾತ್ರ ಊರಲ್ಲಿ. ನಮ್ಮ ಪತ್ರಿಕೆಗಳ ಜಿಲ್ಲಾ ಪುಟದ ಹಾಗೆ. ಒಂದೇ ಊರಿನ ಪತ್ರಿಕೆಗೆ ಈ ಉಳಿತಾಯ ಸಿಗೋದಿಲ್ಲ. ನಿಮ್ಮದು ಬರೀ ಒಳಪುಟ, ಅದಕ್ಕೇ ಖರ್ಚು ಜಾಸ್ತಿ.

ಉಚಿತ ಪತ್ರಿಕೆಯ ಊಟದ ತಟ್ಟೆಯೂ ಈಗ ಬರಿದಾಗುತ್ತಿದೆ. ಸೂಪರ್‌ಮಾರ್ಕೆಟ್‌ಗಳ ವಾರದ ಪಾಂಪ್ಲೆಟ್ ಅದರ ಅನ್ನ. ಸೂಪರ್‌ಮಾರ್ಕೆಟ್ ಸರಪಳಿ ರೇವೆ 2023ರ ಜುಲೈ 1ರಿಂದ ಕಾಗದದ ಪಾಂಪ್ಲೆಟನ್ನೇ ನಿಲ್ಲಿಸಿತು. 2026ರಲ್ಲಿ ಕನಿಷ್ಠ ವೇತನ 13.90. ನಮ್ಮ 105 ಗಂಟೆಗೆ ಈಗ 1,459.50 ಯೂರೋ, ಮಾಲೀಕರ ಪಾಲು ಸೇರಿದರೆ ಹತ್ತಿರ ಹತ್ತಿರ 1,900. ಮುದ್ರಣಕ್ಕೆ ಕೈ ಹಾಕುವ ಮೊದಲೇ ಪ್ರತಿಯೊಂದಕ್ಕೆ ಸುಮಾರು 16 ಸೆಂಟ್!

ಹಾಗಂತ ಬರೀ ಆನ್‌ಲೈನೂ ನಾನು ಹೇಳಲ್ಲ. ಊರಿನ ಬೇಕರಿಯವರಿಗೆ ಕಾಗದದ ಮೇಲೆ ತಮ್ಮ ಜಾಹೀರಾತು ಕಾಣಬೇಕು. 3,000 ಪ್ರತಿ ಮುದ್ರಿಸಿ ಬೇಕರಿ, ಔಷಧ ಅಂಗಡಿ, ಸಲೂನ್‌ಗಳ ಕೌಂಟರಿನ ಮೇಲಿಡಿ. ಒಂದು ವ್ಯಾನ್, ಒಬ್ಬ ಚಾಲಕ, ಅರ್ಧ ದಿನ. ‘ಎಲ್ಲ ಮನೆಗೂ ಹೋಗಲ್ವಾ?’ ಅಂತ ಜಾಹೀರಾತುದಾರರು ಕೇಳೇ ಕೇಳುತ್ತಾರೆ. ಮುಂದಿನ ವಾರ ಉಳಿದ ಪ್ರತಿ ಎಣಿಸಿ, ಎಲ್ಲಿ ಎಷ್ಟು ಖಾಲಿಯಾಯಿತು ಅನ್ನೋ ಪಟ್ಟಿಯನ್ನೇ ಅವರಿಗೆ ತೋರಿಸಿ.

ಪತ್ರಿಕೆಗೆ ಲೈಸೆನ್ಸ್ ಬೇಡ. ಪ್ರತಿ ಸಂಚಿಕೆಯಲ್ಲೂ ಮುದ್ರಕರು, ಪ್ರಕಾಶಕರು, ಹೊಣೆಗಾರ ಸಂಪಾದಕರ ಹೆಸರು-ವಿಳಾಸ ಇರಬೇಕು. ದುಡ್ಡು ಕೊಟ್ಟು ಹಾಕಿಸಿದ ಬರಹದ ಮೇಲೆ ‘ಆನ್‌ತ್ಸೈಗೆ’ (ಜಾಹೀರಾತು) ಅಂತ ಇರಲೇಬೇಕು. ನೀವು ಬ್ಲೂ ಕಾರ್ಡ್ (ವಿದೇಶಿ ಪರಿಣತರ ಕೆಲಸದ ಪರವಾನಗಿ) ಮೇಲಿದ್ದರೆ ಸ್ವಂತ ವ್ಯವಹಾರಕ್ಕೆ ಮೊದಲು ವಿದೇಶಿಯರ ಕಚೇರಿಯ ಅನುಮತಿ ತೆಗೆದುಕೊಳ್ಳಿ. ನಿಮ್ಮ ಊರಿನ ಪುರಸಭೆ ಹಂಚುವ ಉಚಿತ ಪತ್ರಿಕೆಯನ್ನೂ ಓದಿ ನೋಡಿ. ಅದು ಕ್ಲಬ್, ಕ್ರೀಡೆ, ಸಂತೆ ಸುದ್ದಿಯನ್ನೆಲ್ಲ ತುಂಬಿಕೊಂಡು ನಿಮ್ಮ ಜಾಗ ನುಂಗುತ್ತಿದ್ದರೆ, ಕ್ರೈಲ್ಸ್‌ಹೈಮ್ ಪುರಸಭೆಯ ಪತ್ರಿಕೆ ವಿರುದ್ಧ 2018ರ ಡಿಸೆಂಬರ್ 20ರಂದು ಬಂದ ತೀರ್ಪು ನಿಮ್ಮ ಕೈಯಲ್ಲಿರಲಿ.

ಇಷ್ಟೆಲ್ಲ ಆದ ಮೇಲೂ ಮನೆಮನೆಗೇ ಹಾಕುತ್ತೇನೆ ಅಂದರೆ, ಪಾಂಪ್ಲೆಟಿಗೆ ಬೇರೆ, ಪತ್ರಿಕೆಗೆ ಬೇರೆ ಸಮಯದ ಚೀಟಿ ಬರೆಸಿ. ಮಿನಿಜಾಬ್‌ನವರ ಗಂಟೆಗಳನ್ನು ಏಳು ದಿನದೊಳಗೆ ದಾಖಲಿಸಿ ಎರಡು ವರ್ಷ ಇಡಬೇಕು. ಮೊದಲು ಒಂದು ಲೈನನ್ನು ನೀವೇ ಹಾಕಿ, ಕೈಗಡಿಯಾರ ನೋಡಿಕೊಂಡು, 400 ಡಬ್ಬ. ನವೆಂಬರಿನಲ್ಲಿ, ಮಳೆ ಇರುವ ದಿನ. ಜೂನ್ ತಿಂಗಳಲ್ಲಿ ಮೂರೂವರೆ ಗಂಟೆಗೆ ಮುಗಿಯುವ ಲೈನ್ ಆಗ ನಾಲ್ಕೂವರೆ ಗಂಟೆ ತಿನ್ನುತ್ತದೆ.