ರೇಟ್ ಇಳಿಸಿದರಷ್ಟೇ ಯಜಮಾನಿಕೆಯೇ?

ಪೀಣ್ಯದಲ್ಲಿ ಮಶಿನ್ ಶಾಪ್ ನಡೆಸುವ ಓದುಗರೊಬ್ಬರು ಬರೆದಿದ್ದಾರೆ: “ದೊಡ್ಡ ಕಂಪನಿ ತನ್ನ ಜೊತೆಗಿರುವ ಸಣ್ಣವರನ್ನೂ ಬೆಳೆಸುತ್ತದೆ ಎಂದು ಹೋದ ಸಂಚಿಕೆಯಲ್ಲಿ ಹೇಳಿದ್ದೀರಿ. ನಾನು ಕಂಡದ್ದು ಬೇರೆ. ವರ್ಷಾವರ್ಷ ರೇಟ್ ಇಳಿಸು ಅಂತಾರೆ, ಬಿಲ್ ಮಾತ್ರ ತಿಂಗಳುಗಟ್ಟಲೆ ಕೂತಿರುತ್ತೆ.”

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಮಾತು ಬರೆಯುವಾಗ ನನ್ನ ತಲೆಯಲ್ಲಿದ್ದದ್ದು 1997ರ ಜಪಾನ್.

ಆ ವರ್ಷ ಫೆಬ್ರವರಿ 1ರ ನಸುಕಿನಲ್ಲಿ, ಟೊಯೋಟಾಗೆ ಬಿಡಿಭಾಗ ಮಾಡಿಕೊಡುವ ಐಸಿನ್ ಕಂಪನಿಯ ಕಾರಿಯಾ ಊರಿನ ಕಾರ್ಖಾನೆಗೆ ಬೆಂಕಿ ಬಿತ್ತು. ಟೊಯೋಟಾ ಕಾರುಗಳ ಪಿ-ವಾಲ್ವ್ ಹೆಚ್ಚುಕಡಿಮೆ ಎಲ್ಲವೂ ಅಲ್ಲಿಂದಲೇ ಬರುತ್ತಿದ್ದವು. ಹಿಂದಿನ ಚಕ್ರಗಳಿಗೆ ಹೋಗುವ ಬ್ರೇಕ್ ಒತ್ತಡವನ್ನು ಹದದಲ್ಲಿಡುವ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಭಾಗ ಅದು. ಸ್ಟಾಕ್ ಪೇರಿಸಿಡುವ ಪದ್ಧತಿ ಟೊಯೋಟಾದಲ್ಲಿ ಇರಲಿಲ್ಲ. ಎರಡು-ಮೂರು ದಿನದಲ್ಲೇ ಅಸೆಂಬ್ಲಿ ಲೈನ್‌ಗಳು ನಿಲ್ಲತೊಡಗಿದವು.

ಐಸಿನ್ ತನ್ನ ಡ್ರಾಯಿಂಗ್‌ಗಳನ್ನು ಕೇಳಿದವರಿಗೆಲ್ಲ ಕೊಟ್ಟುಬಿಟ್ಟಿತು. ಅರವತ್ತಕ್ಕೂ ಹೆಚ್ಚು ಕಂಪನಿಗಳು ವಾಲ್ವ್ ಮಾಡಲು ಇಳಿದವು. ಕಾರಿನ ಭಾಗದ ಕೆಲಸವೇ ಗೊತ್ತಿರದ, ಹೊಲಿಗೆ ಯಂತ್ರದ ಬ್ರದರ್ ಕಂಪನಿ ಕೂಡ ತನ್ನ ಮಿಲ್ಲಿಂಗ್ ಮಶಿನ್ ಒಂದನ್ನು ಅದಕ್ಕೆ ಹೊಂದಿಸಿಕೊಂಡಿತು. ರೇಟ್ ಎಷ್ಟು, ದುಡ್ಡು ಯಾರು ಕೊಡ್ತಾರೆ ಅನ್ನೋದೆಲ್ಲ ಆಮೇಲಿನ ಮಾತಾಯಿತು. ಸುಮಾರು ಒಂದು ವಾರದಲ್ಲಿ ಬಹುತೇಕ ಲೈನ್‌ಗಳು ಮತ್ತೆ ಓಡಿದವು. ತಗುಲಿದ ಖರ್ಚನ್ನು ಐಸಿನ್ ತುಂಬಿಕೊಟ್ಟಿತು. ಟೊಯೋಟಾ ತನಗೆ ನೇರವಾಗಿ ಮಾಲು ಕೊಡುವವರಿಗೆ, ಆ ವರ್ಷದ ಜನವರಿಯಿಂದ ಮಾರ್ಚ್‌ವರೆಗಿನ ವ್ಯಾಪಾರದ ಮೇಲೆ ಶೇ 1ರಷ್ಟು ಹೆಚ್ಚಿಗೆ ಕೊಟ್ಟಿತು.

ದೊಡ್ಡ ಮನಸ್ಸು ಅಂತ ಹೊಗಳೋದು ಬೇಡ. ಎಲ್ಲವನ್ನೂ ಒಂದೇ ಕಾರ್ಖಾನೆಗೆ ಜೋತುಹಾಕಿದ್ದು ಟೊಯೋಟಾವೇ. ರೇಟ್ ಕೇಳುವಾಗಲೂ ಅದೇನೂ ಮೆತ್ತಗಲ್ಲ. ಆದರೆ ಖರ್ಚು ಎಲ್ಲಿ ಉಳಿಯುತ್ತೆ ಅಂತ ತೋರಿಸಿಕೊಡಲು ತನ್ನ ಎಂಜಿನಿಯರ್‌ಗಳನ್ನೇ ಸಪ್ಲೈಯರ್‌ಗಳ ಶಾಪಿಗೆ ಕಳಿಸುವ ರೂಢಿ ಅಲ್ಲಿದೆ. ನಿಮ್ಮ ಗಿರಾಕಿ ಕಳಿಸೋದು ಬರೀ ಈಮೇಲ್, ಅಲ್ವಾ? ಬೆಂಕಿ ಬಿದ್ದ ದಿನ ಅಷ್ಟು ಜನ ಓಡಿಬಂದದ್ದು ಸುಮ್ನೆ ಅಲ್ಲ. ಅವರಿಗೆ ಈ ಒಡನಾಟದಿಂದ ವರ್ಷಗಟ್ಟಲೆ ಏನೋ ಸಿಕ್ಕಿತ್ತು, ಮುಂದೆಯೂ ಸಿಗುವ ನಂಬಿಕೆ ಇತ್ತು.

ಇನ್ನು ನಿಮ್ಮ ಬಿಲ್. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ, ಒಪ್ಪಂದ ಏನೇ ಇರಲಿ, ಮಾಲು ಒಪ್ಪಿಕೊಂಡ 45 ದಿನದೊಳಗೆ ದುಡ್ಡು ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ‘ಬ್ಯಾಂಕ್ ದರ’ದ ಮೂರು ಪಟ್ಟು ಚಕ್ರಬಡ್ಡಿ. ನಿಮಗೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸಿದ್ದು, ಇದೆಯೇ? ಇದ್ದರೆ ಆ ನಂಬರನ್ನು ಪ್ರತಿ ಬಿಲ್ಲಿನ ಮೇಲೂ ಹಾಕಿ. ಗಿರಾಕಿ ಕೈಬಿಟ್ಟು ಹೋಗುವ ಭಯದಿಂದ ದೂರು ಕೊಡಲು ಹಿಂಜರಿಯುವವರೇ ಜಾಸ್ತಿ. ಆ ಭಯ ನಿಮಗೂ ಇದ್ದರೆ, ಮೊದಲು ಇನ್ನೊಬ್ಬ ಗಿರಾಕಿಯನ್ನು ಹುಡುಕಿಕೊಳ್ಳಿ.

– ಸಂಪಾದಕ