ಪೇರಳೆ ಎಲೆ ಕಷಾಯ ಬಳಿದರೆ ಗೇಟು ಉಳಿಯುತ್ತಾ?

ಪ್ರಶ್ನೆ: ನಮ್ಮ ಮನೆ ಮರವಂತೆಯಲ್ಲಿ, ಕಡಲಿಗೆ ತೀರಾ ಹತ್ತಿರ. ಕಬ್ಬಿಣದ ಗೇಟಿಗೆ ವರ್ಷವರ್ಷ ಪೇಂಟ್ ಹೊಡೆಸಿದರೂ ಮಳೆಗಾಲ ಮುಗಿಯುವಷ್ಟರಲ್ಲಿ ಗುಳ್ಳೆ ಎದ್ದು ತುಕ್ಕು ಕಾಣುತ್ತದೆ. ಪೇರಳೆ ಎಲೆ ಕುದಿಸಿದ ನೀರು ಬಳಿದರೆ ತುಕ್ಕು ಹಿಡಿಯುವುದಿಲ್ಲ ಅಂತ ಓದಿದೆ. ನಿಜವಾ?

ಉತ್ತರ: ಅರ್ಧ ನಿಜ. ಪೇರಳೆ ಎಲೆ, ಚಹಾ ಸೊಪ್ಪು, ಅಳಲೆಕಾಯಿ, ಅಡಿಕೆ ಎಲ್ಲದರಲ್ಲೂ ಟ್ಯಾನಿನ್ ಇದೆ, ಬಾಯಿಗೆ ಒಗರು ಅನ್ನಿಸುವುದು ಅದೇ. ಹಸಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಅಲಗು ಕಪ್ಪಾಗುವುದನ್ನು ನೋಡಿದ್ದೀರಲ್ವಾ? ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಆಗುವ ಕಪ್ಪು ಅದು. ತುಕ್ಕಿನ ಮೇಲೂ ಅಂಥದ್ದೇ ಪದರ ಕೂರುತ್ತದೆ, ನೀರಿಗೆ ಬೇಗ ಕರಗುವುದಿಲ್ಲ.

ಆದರೆ ನೀವು ಓದಿದಂಥ ಸುದ್ದಿಗಳಲ್ಲಿ ಒಂದು ಮಾತು ಬಿಟ್ಟುಹೋಗಿರುತ್ತದೆ. ಪ್ರಯೋಗಾಲಯದಲ್ಲಿ ಲೋಹದ ತುಂಡನ್ನು ದ್ರಾವಣದಲ್ಲಿ ಮುಳುಗಿಸಿ, ಎಲೆಯ ಸಾರವನ್ನೂ ಅದೇ ದ್ರಾವಣಕ್ಕೆ ಸೇರಿಸಿರುತ್ತಾರೆ, ಹಾಗಾಗಿ ಲೋಹದಿಂದ ಒಂದು ಕಣ ಬಿಟ್ಟರೆ ಇನ್ನೊಂದು ಬಂದು ಅಂಟಿಕೊಳ್ಳುತ್ತದೆ. ಎಷ್ಟೋ ಪ್ರಯೋಗಗಳು ನಡೆದಿರುವುದು ಉಪ್ಪುನೀರಿನಲ್ಲೂ ಅಲ್ಲ, ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ. ನಿಮ್ಮ ಗೇಟಿಗೆ ಸುಮ್ನೆ ಬಳಿದ ಕಷಾಯ ಮಳೆಗೆ ತೊಳೆದುಹೋಗುತ್ತದೆ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ, ಅದರ ಹನಿಗಳು ಗಾಳಿಯಲ್ಲಿ ಬರುತ್ತವೆ. ಕಪ್ಪು ಪದರದಲ್ಲಿ ಚಿಕ್ಕ ಬಿರುಕು ಸಿಕ್ಕಿದರೂ ಉಪ್ಪಿನಲ್ಲಿರುವ ಕ್ಲೋರೈಡ್ ಒಳಗೆ ಹೋಗಿ ಕಬ್ಬಿಣವನ್ನು ತೂತು ಕೊರೆಯುತ್ತದೆ.

ನನಗನಿಸುವುದು, ನಿಮ್ಮ ಗೇಟಿನ ಗುಳ್ಳೆಗೆ ಕಾರಣ ಪೇಂಟಿನ ಅಡಿಯಲ್ಲೇ ಉಳಿದ ಉಪ್ಪು. ಅದು ತೇವ ಎಳೆದುಕೊಂಡು ಪೇಂಟನ್ನು ಎಬ್ಬಿಸುತ್ತದೆ. ದಯವಿಟ್ಟು ಈ ಸಲ ತಂತಿ ಬ್ರಷ್‌ನಲ್ಲಿ ಉಜ್ಜಿದ ಮೇಲೆ ಬಾವಿಯ ಸಿಹಿನೀರಿನಲ್ಲಿ ಎರಡು ಮೂರು ಸಲ ಚೆನ್ನಾಗಿ ತೊಳೆಸಿ, ಪೂರ್ತಿ ಒಣಗಲಿ. ಪೇಂಟ್ ಹೊಡೆಯುವವರು ಇದನ್ನೇ ಜಾಸ್ತಿ ಬಿಟ್ಟುಬಿಡುವುದು. ಸಂದಿಯಲ್ಲಿ ಉಜ್ಜಿದರೂ ಹೋಗದ ತುಕ್ಕಿಗೆ ಟ್ಯಾನಿಕ್ ಆಸಿಡ್ (ಒಂದು ಬಗೆಯ ಟ್ಯಾನಿನ್) ಇರುವ ರಸ್ಟ್ ಕನ್ವರ್ಟರ್, ಅಂದರೆ ತುಕ್ಕನ್ನೇ ಕಪ್ಪು ಪದರವಾಗಿ ಬದಲಿಸುವ ದ್ರಾವಣ ಬಳಿಯಿರಿ. ನೀವು ಕೇಳಿದ ಎಲೆಯ ಗುಣವೇ ಅದರಲ್ಲಿದೆ, ಆದರೆ ಅದು ಎಷ್ಟು ಪ್ರಮಾಣದಲ್ಲಿದೆ ಅಂತ ಗೊತ್ತಿರುತ್ತದೆ. ಕಪ್ಪಾಗಿ ಒಣಗಿದ ಮೇಲೆ ಪ್ರೈಮರ್, ಆಮೇಲೆ ಪೇಂಟ್. ಬರೀ ಕಪ್ಪು ಪದರ ನಂಬಿ ಬಿಡಬೇಡಿ.

ಗಿಡದಿಂದಲೇ ಸಿಗುವ ಗಟ್ಟಿ ರಕ್ಷಣೆ ಬೇಕೆಂದರೆ ನಮ್ಮ ಕರಾವಳಿಯ ಗೇರುಬೀಜದ ಕಡೆ ನೋಡಿ. ಅದರ ಸಿಪ್ಪೆ ಎಣ್ಣೆಯಲ್ಲಿರುವ ಕಾರ್ಡನಾಲ್ ಎಂಬ ರಾಸಾಯನಿಕದಿಂದ ಎಪಾಕ್ಸಿ ಪೇಂಟನ್ನು (ಎರಡು ಭಾಗ ಬೆರೆಸಿ ಹಚ್ಚುವ ಪೇಂಟ್) ಗಟ್ಟಿ ಮಾಡುವ ಪದಾರ್ಥ ತಯಾರಾಗುತ್ತದೆ, ಹಡಗುಗಳಿಗೂ ಅಂಥ ಪೇಂಟ್ ಬಳಸುತ್ತಾರೆ. ಹಾಗಂತ ಹಸಿ ಸಿಪ್ಪೆ ಎಣ್ಣೆ ತಂದು ಗೇಟಿಗೆ ಹಚ್ಚಬೇಡಿ, ಕೈ ಸುಟ್ಟು ಚರ್ಮ ಏಳುತ್ತದೆ.